ಅರವತ್ತು ಬಾಣ

ಬಾದಾಮಿಯ ಅಗಸ್ತ್ಯತೀರ್ಥದ ದಂಡೆ ಬಿಟ್ಟು
ಸಿಡ್ಲಫಡಿ ಬಳಸಿ
ಮಹಾಕೂಟದ ಇಳುಕಲಿನ ತನಕ
ಗುಡ್ಡದ ಬೆನ್ನ ಮೇಲೆ ಅರವತ್ತು ಬಾಣ ಬರೆಯಬೇಕು.
ಬಣ್ಣ ಹಳದಿ. ಉದ್ದ ಒಂದು ಗೇಣು.
ಬರೆಯುವವನು ಗೈಬುಸಾಬ.
ಡಬ್ಬಿ ಹೊರುವವನು ನಾನು, ಇಲಾಖೆಯ ದಿನಗೂಲಿ.

ಒಂದು ಕಾಲಕ್ಕೆ ಸ್ಟೇಶನ್ ರೋಡಿನ ಅಂಗಡಿಗಳೆಲ್ಲ
ಅವನ ಅಕ್ಷರದಲ್ಲೇ ಮಾತಾಡುತ್ತಿದ್ದವು:
ಕಿರಾಣಿ, ಖಾನಾವಳಿ, ಹಲ್ಲಿನ ಡಾಕ್ಟರು.
ಅವನು ಬರೆದ 'ಳ' ಬಾಲ ಮಡಿಚಿ ಕೂತ ಬೆಕ್ಕು.
ಪ್ರತಿ ಬೋರ್ಡಿನ ಮೂಲೆಯಲ್ಲಿ ಇರುವೆಯಷ್ಟು ಸಣ್ಣಗೆ
'ಗೈಬು ಆರ್ಟ್ಸ್'.
ಆಮೇಲೆ ಫ್ಲೆಕ್ಸು ಬಂತು.
ಕುಂಚಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟು
ಏಳು ವರ್ಷ ಸುಮ್ಮನಿದ್ದ.

ಮೊದಲ ಬಾಣಕ್ಕೇ ಮುಕ್ಕಾಲು ತಾಸು.
ಬಂಡೆಯನ್ನು ಅಂಗೈಯಿಂದ ಒರೆಸಿದ, ಕೂಸಿನ ಮುಖ ಒರೆಸಿದ ಹಾಗೆ.
ಕಲ್ಲುಹೂವು ಕೆರೆಯಲಿಲ್ಲ,
ಅದನ್ನು ಬಿಟ್ಟು, ಅದರ ಪಕ್ಕ ಬರೆದ.
"ಸಾಬರ, ಇದು ಬಾಣ ಐತ್ರಿ, ಮದುವಿ ಕಾರ್ಡಲ್ಲ."
"ದಾರಿ ತಪ್ಪಿದಾಂವ ನೋಡೂದು ಇದನ್ನ.
ಹೆದರಿರ್ತಾನ.
ಚೆಂದ ಇರಬೇಕು."

ಹನ್ನೊಂದು, ಹನ್ನೆರಡು. ಕಾರಿಮುಳ್ಳು ಅಂಗಿ ಹಿಡಿದು ಕೇಳಿತು
ಯಾರವರು ಅಂತ.
ಗೌಜುಗವೊಂದು ಕಾಲಡಿಯಿಂದಲೇ ಸಿಡಿದು ಹಾರಿ
ನನ್ನ ಎದೆಯನ್ನೂ ಸ್ವಲ್ಪ ದೂರ ಒಯ್ದಿತು.
ಇಪ್ಪತ್ತಾರರ ಹತ್ತಿರ ಕಟಕರೊಟ್ಟಿ ಬಿಚ್ಚಿದೆವು,
ಶೇಂಗಾ ಹಿಂಡಿಗೆ ಹಳದಿ ಬಣ್ಣದ ವಾಸನೆ.
ಕೆಳಗೆ ಊರು, ಯಾರೋ ಕಿಸೆಯಿಂದ ಚೆಲ್ಲಿದ ಚಿಲ್ಲರೆ.

ಹುಲಿಗೆವ್ವ ಸಿಕ್ಕಳು, ತಲೆಯ ಮೇಲೆ ಸೀತಾಫಲದ ಬುಟ್ಟಿ.
ನಾವು ಮೂರು ತಿರುವು ಹಾಕಿದ ಕಡೆ
ಅವಳು ಬರಿಗಾಲಲ್ಲಿ ನೆಟ್ಟಗೆ ಇಳಿದು ಬಂದಿದ್ದಳು.
ಬಾಣ ನೋಡಿದಳು. ಬಾಣ ತೋರಿಸಿದ ಕಡೆ ನೋಡಿದಳು.
"ಯಾರಿಗಿದು?"
"ಹೊಸಬರಿಗಿ."
"ತೋರಸ್ರಿ, ತೋರಸ್ರಿ.
ನನ್ನ ಹಣ್ಣಿನ ಗಿಡ ಎಲ್ಲಿ ಅದಾವಂತ ಮಾತ್ರ ತೋರಸಬ್ಯಾಡ್ರಿ."
ಎರಡು ಹಣ್ಣು ಕೊಟ್ಟು ಹೋದಳು. ಲಂಚವೋ ಏನೋ.

ನಲವತ್ತೊಂದನೆಯದಕ್ಕೆ ಸಿಡ್ಲಫಡಿಯ ಹೊಟ್ಟೆಯೊಳಗೆ ಬಂದೆವು.
ದಾರಿ ಎರಡಾಗುವ ಜಾಗ.
ಬರೆಯಲು ಸಪಾಟಾದ ಕಲ್ಲು ಒಂದೇ ಒಂದು,
ಅದರ ಮೇಲೆ ಆಗಲೇ ಯಾರೋ ಬರೆದಿದ್ದರು:
ಕಾವಿ ಕೆಂಪಿನ ಜಿಂಕೆ, ಅರ್ಧ ಅಳಿಸಿದ ಮನುಷ್ಯ,
ಏನೆಂದು ತಿಳಿಯದ ನಾಲ್ಕು ಗೆರೆ.

ಗೈಬುಸಾಬ ಚಪ್ಪಲಿ ಬಿಟ್ಟ.
ಬಹಳ ಹೊತ್ತು ನಿಂತ.
"ಭಾಳ ಹಳೇದಂತ್ರಿ," ಅಂದೆ, "ಸಾವಿರಗಟ್ಲೆ ವರ್ಷ."
"ಈ ಕೊಂಬು ನೋಡು. ಒಂದೇ ಏಟಿಗೆ ಎಳದಾನ.
ಕೈ ನಡಗಿಲ್ಲ."
ತನ್ನ ಬಲಗೈ ನೋಡಿಕೊಂಡ. ಜಿಂಕೆಯ ಬೆನ್ನನ್ನು
ಕಲ್ಲಿಗೆ ತಾಕದಂತೆ
ಗಾಳಿಯಲ್ಲೇ ಒಮ್ಮೆ ಎಳೆದ.
ಮೂಲೆಗಳಲ್ಲೆಲ್ಲ ಬಗ್ಗಿ ಹುಡುಕಿದ.
"ಹೆಸರು ಹಾಕಿಲ್ಲ ನೋಡೋ ಇಂವ."

ಡಬ್ಬಿಯ ಮುಚ್ಚಳ ಅವನೇ ಹಾಕಿದ.
ಮುಂದಿನ ಬಂಡೆಗೆ ನಲವತ್ತೆರಡು ಬರೆದೆವು.

ಸಾಹೇಬರು ಎಣಿಸಿದರು. ಐವತ್ತೊಂಬತ್ತು.
ಒಂದರ ದುಡ್ಡು ಹಿಡಿದರು.
ಉಳಿದದ್ದನ್ನು ಅವನು ಎಣಿಸದೆ ಜೇಬಿಗಿಟ್ಟು
ಕುಂಚ ತೊಳೆಯಲು ಹೋದ.

ಈಗ ಬೇಸಿಗೆ. ಸಿಡ್ಲಫಡಿಯಲ್ಲಿ ಜನ ದಾರಿ ತಪ್ಪುತ್ತಾರಂತೆ.
ಅದೊಂದು ಬರೆದು ಬಾ ಎಂದು ನನ್ನನ್ನೇ ಕಳಿಸಿದ್ದಾರೆ, ಒಬ್ಬನನ್ನೇ,
ಗೈಬುಸಾಬನ ಕಣ್ಣಿಗೆ ಪೊರೆ ಬಂದಿದೆ.
ಬೆಳಗಿನಿಂದ ಇಲ್ಲಿದ್ದೇನೆ. ಡಬ್ಬಿ ಬಿಚ್ಚಿಲ್ಲ.
ಕವಳಿಹಣ್ಣು ತಿಂದು ನಾಲಿಗೆ ನೀಲಿಯಾಗಿದೆ.
ಹುಬ್ಬಳ್ಳಿಯ ಮೂವರು ಹುಡುಗರು ಬಂದರು, ನೀರಿನ ಬಾಟಲಿ ಖಾಲಿ,
ಜಿಂಕೆಯ ಮುಂದೆ ನಿಂತು ಅತ್ತ ಇತ್ತ ನೋಡಿದರು.
"ಅಣ್ಣಾ, ಮಹಾಕೂಟ?"
ಎದ್ದು ನಿಂತೆ.
"ಎಡಕ್ಕ ಹೋಗ್ರಿ. ಗಾಳಿ ತಣ್ಣಗ ಹತ್ತೂತನಕ ಎಡಕ್ಕ.
ಆಮ್ಯಾಲ ಹಳದಿ ಬಾಣ ಸಿಗತಾವ.
ಸಾವಕಾಶ ನೋಡಕೋತ ಹೋಗ್ರಿ."